‘ನಾನೂ ಕುಡಿದಿದ್ದೆ’ ಎನ್ನುವವಳ ಮಾತು ಕೇಳಿಸಿಕೊಳ್ಳುವ ಬಗೆ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳು ಬಾಯಿ ಬಿಡುವುದಾದರೆ ಸಾಮಾನ್ಯವಾಗಿ ಮೊದಲು ಬಿಡುವುದು ಪಕ್ಕದ ಮಂಚದ ಗೆಳತಿಯೆದುರು, ಅಕ್ಕನೆದುರು ಅಥವಾ ನಂಬಿಕೆಯ ಸಹೋದ್ಯೋಗಿಯೆದುರು. ಪೊಲೀಸರೂ ವೈದ್ಯರೂ ಬರುವುದು ಆಮೇಲೆ. ಅವರವರೆಗೆ ಅವಳು ಹೋಗುತ್ತಾಳೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಮೊದಲ ಕೇಳುಗರು ಆಡುವ ಒಂದೆರಡು ಮಾತಿನ ಮೇಲೆ ನಿಂತಿರುತ್ತದೆ. ಆ ರಾತ್ರಿ ಅವಳು ಮದ್ಯ ಸೇವಿಸಿದ್ದರಂತೂ ತನ್ನನ್ನು ಯಾರೂ ನಂಬುವುದಿಲ್ಲವೆಂದು ಮೊದಲೇ ತೀರ್ಮಾನಿಸಿಕೊಂಡು ಬಂದಿರುತ್ತಾಳೆ. ಈ ಬರಹ ಆ ಮೊದಲ ಕೇಳುಗರಿಗಾಗಿ.

ಹಲವು ವರ್ಷಗಳ ಹಿಂದೆ ನಾನು ಬೆಂಗಳೂರಿನ ಮಡಿವಾಳದ ಒಂದು ಪಿಜಿಯಲ್ಲಿ ಮೂವರು ಹಂಚಿಕೊಂಡ ಕೋಣೆಯಲ್ಲಿದ್ದೆ. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ, ಗೇಟು ತೆಗೆಯುವುದನ್ನೇ ಕಾದಿದ್ದು ಒಳಬಂದ ಕೋಣೆಯ ಗೆಳತಿ, ಉಂಗುಷ್ಟ ಕಿತ್ತ ಚಪ್ಪಲಿಯನ್ನು ಅದರ ಜೊತೆಯದರೊಂದಿಗೆ ಕೈಯಲ್ಲೇ ಹಿಡಿದುಕೊಂಡು ಮಂಚದ ಅಂಚಿಗೆ ಕೂತು, ತುಂಬ ಹೊತ್ತು ಸುಮ್ಮನಿದ್ದು, ‘ನಾನೂ ಕುಡಿದಿದ್ದೆ ಕಣೇ’ ಎಂದಳು. ಏನಾಯಿತೆಂದು ಹೇಳುವ ಮೊದಲೇ ತನ್ನ ಮೇಲಿನ ಆರೋಪವನ್ನು ತಾನೇ ಓದಿ ಮುಗಿಸಿದ್ದಳು. ನಾನು ಕೇಳಿದ್ದು, ‘ಅಷ್ಟು ಹೊತ್ತಲ್ಲಿ ಅವನ ಮನೆಗೆ ಯಾಕೆ ಹೋದೆ?’ ಎಂದು. ಅವಳು ಎದ್ದು ಬಚ್ಚಲಿಗೆ ಹೋದಳು. ಬಕೆಟ್ಟಿಗೆ ನೀರು ಬಿದ್ದ ಸದ್ದು ಕೇಳಿಸಿತು. ನನ್ನ ಪ್ರಶ್ನೆಗೆ ಉತ್ತರ ನನಗೇ ಗೊತ್ತಿತ್ತು. ನಮ್ಮ ಪಿಜಿಯ ಗೇಟಿಗೆ ರಾತ್ರಿ ಹತ್ತೂವರೆಗೆ ಬೀಗ ಬೀಳುತ್ತಿತ್ತು, ತಡವಾಗಿ ಬಂದವರ ಊರಿಗೆ ಫೋನು ಹೋಗುತ್ತಿತ್ತು. ಹೆಣ್ಣುಮಕ್ಕಳ ರಕ್ಷಣೆಗೆಂದು ಮಾಡಿದ ನಿಯಮವೇ ಅವಳನ್ನು ಬೆಳಗಿನವರೆಗೆ ಹೊರಗೆ ಉಳಿಸಿತ್ತು.

ಆ ದಿನ ನಾನು ಮಾಡದೆ ಹೋದದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ. ಮೊದಲಿಗೆ, ‘ಯಾಕೆ’ಯಿಂದ ಶುರುವಾಗುವ ಪ್ರಶ್ನೆಗಳನ್ನೆಲ್ಲ ಆ ದಿನದ ಮಟ್ಟಿಗೆ ಬಿಟ್ಟುಬಿಡಿ. ಯಾಕೆ ಹೋದೆ, ಯಾಕೆ ಕುಡಿದೆ, ಯಾಕೆ ಕೂಗಲಿಲ್ಲ ಎಂಬ ಮೂರೂ ಕೇಳುವವರ ಕುತೂಹಲವನ್ನು ತಣಿಸುತ್ತವೆಯೇ ಹೊರತು ಅವಳಿಗೆ ಯಾವ ಉಪಯೋಗವನ್ನೂ ಮಾಡುವುದಿಲ್ಲ. ‘ಹೇಳಿದ್ದು ಒಳ್ಳೆಯದಾಯಿತು, ನಾನು ನಂಬುತ್ತೇನೆ, ತಪ್ಪು ಅವನದು’ ಎಂದಷ್ಟೇ ಹೇಳಿ, ಎಲ್ಲಾದರೂ ನೋವಾಗಿದೆಯೇ, ಈಗ ಇರುವ ಜಾಗದಲ್ಲಿ ಭಯವಿಲ್ಲವೇ, ಯಾರಿಗಾದರೂ ತಿಳಿಸಬೇಕೇ ಎಂದು ಕೇಳಿ. ಯಾರಿಗೂ ತಿಳಿಸಬೇಡ ಎಂದಳೆಂದರೆ ತಿಳಿಸಬೇಡಿ. ಅವಳ ವಯಸ್ಸು ಹದಿನೆಂಟಕ್ಕಿಂತ ಕಡಿಮೆಯಿದ್ದರೆ ಮಾತ್ರ ಬೇರೆ ಮಾತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು.

ಕುಡಿತದ ಬಗ್ಗೆ ಕೇಳಲೇಬೇಕಾದ ಸಂದರ್ಭವೂ ಒಂದಿದೆ, ಆದರೆ ಕಾರಣವನ್ನು ಮೊದಲು ಹೇಳಿ ಕೇಳಬೇಕು. ‘ಡಾಕ್ಟರಿಗೆ ಬೇಕಾಗುತ್ತದೆ, ಅದಕ್ಕೆ ಕೇಳುತ್ತಿದ್ದೇನೆ, ಕುಡಿದದ್ದಕ್ಕಿಂತ ಹೆಚ್ಚು ಅಮಲೇರಿದ ಹಾಗೆ ಅನ್ನಿಸಿತಾ, ಲೋಟ ಬಿಟ್ಟು ಎದ್ದು ಹೋಗಿದ್ದೆಯಾ?’ ಎಂಬ ಪ್ರಶ್ನೆಗೂ ‘ಎಷ್ಟು ಕುಡಿದಿದ್ದೆ?’ ಎಂಬ ಪ್ರಶ್ನೆಗೂ ಇರುವ ಅಂತರ ಅವಳಿಗೆ ತಕ್ಷಣ ತಿಳಿಯುತ್ತದೆ. ಅಮಲು ಇನ್ನೂ ಇಳಿದಿಲ್ಲವಾದರೆ ಒಬ್ಬಳನ್ನೇ ಬಿಡಬೇಡಿ, ವಾಂತಿ ಗಂಟಲಿಗೆ ಸಿಕ್ಕದಂತೆ ಒಂದು ಮಗ್ಗುಲಿಗೆ ಮಲಗಿಸಿ. ನಿಂಬೆಹಣ್ಣು, ಮಜ್ಜಿಗೆ, ಸ್ಟ್ರಾಂಗ್ ಕಾಫಿ ಇವುಗಳಿಂದ ಅಮಲು ಬೇಗ ಇಳಿಯುತ್ತದೆಂಬುದು ಬರೀ ನಂಬಿಕೆ. ಮದ್ಯವನ್ನು ಕರಗಿಸುವುದು ಯಕೃತ್ತು, ಅದಕ್ಕೆ ಒಂದು ಸಣ್ಣ ಪೆಗ್ಗಿಗೆ ಸುಮಾರು ಒಂದು ಗಂಟೆ ಬೇಕು. ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ನಿಧಾನವಾಗಿದ್ದರೆ 108ಕ್ಕೆ ಕರೆ ಮಾಡಿ.

ಅವಳ ಮಾತು ತುಂಡು ತುಂಡಾಗಿ ಬರುತ್ತದೆ. ಆಟೊ ಹತ್ತಿದ್ದು ನೆನಪಿರುತ್ತದೆ, ಇಳಿದದ್ದು ಇರುವುದಿಲ್ಲ. ಗೋಡೆಯ ಮೇಲಿನ ಗಡಿಯಾರ ನೆನಪಿರುತ್ತದೆ, ಅದಕ್ಕೆ ಮೊದಲು ಯಾರು ಏನು ಮಾತಾಡಿದರೆಂಬುದು ಇರುವುದಿಲ್ಲ. ಇದನ್ನು ಸುಳ್ಳಿನ ಗುರುತೆಂದು ಓದುವವರು ಬಹಳ ಮಂದಿ. ರಕ್ತದಲ್ಲಿ ಮದ್ಯ ಬೇಗಬೇಗ ಏರಿದಾಗ ಮಿದುಳು ಹೊಸ ನೆನಪನ್ನು ಕೂಡಿಡುವುದನ್ನೇ ನಿಲ್ಲಿಸಿಬಿಡುತ್ತದೆ. ಆ ಹೊತ್ತಿನಲ್ಲಿ ಮನುಷ್ಯರು ನಡೆಯುತ್ತಾರೆ, ಮಾತಾಡುತ್ತಾರೆ, ನಗುತ್ತಲೂ ಇರುತ್ತಾರೆ, ಆದರೆ ಮರುದಿನಕ್ಕೆ ಏನೂ ಉಳಿಯುವುದಿಲ್ಲ. ಇನ್ನು ಭಯದಿಂದ ಮೈ ಮರಗಟ್ಟಿ ಕೈಕಾಲು ಆಡದೆ ಹೋಗುವುದು ಕುಡಿಯದವರಿಗೂ ಆಗುತ್ತದೆ. ಆದ್ದರಿಂದ ನಡುವಿನ ಖಾಲಿ ಜಾಗಗಳನ್ನು ನೀವು ಊಹಿಸಿ ತುಂಬಬೇಡಿ, ‘ಹಾಗಾದರೆ ಹೀಗಾಗಿರಬೇಕು ಅಲ್ಲವೇ’ ಎಂದು ಅವಳ ಬಾಯಿಗೆ ಮಾತು ಹಾಕಬೇಡಿ.

ಈಗ ಹೊಣೆಯ ಮಾತು. ಇದನ್ನು ಅವಳೆದುರು ಚರ್ಚಿಸಲು ನಾನು ಹೇಳುತ್ತಿಲ್ಲ, ನಿಮ್ಮ ತಲೆಯಲ್ಲಿ ಇತ್ಯರ್ಥವಾಗಿದ್ದರೆ ಸಾಕು. ‘ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಬಟ್ಟೆಯ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ’ ಎಂಬ ಗಾದೆಯನ್ನು ಕೇಳದೆ ಬೆಳೆದ ಹುಡುಗಿ ನಮ್ಮಲ್ಲಿಲ್ಲ. ಗಾದೆಯ ಜಾಣತನವಿರುವುದು ಗಂಡನ್ನು ಮುಳ್ಳು ಮಾಡಿದ್ದರಲ್ಲಿ: ಮುಳ್ಳಿಗೆ ಬುದ್ಧಿಯಿಲ್ಲ, ಅದು ತೀರ್ಮಾನ ಮಾಡುವುದಿಲ್ಲ, ಅದನ್ನು ಯಾರೂ ಕೇಳುವಂತಿಲ್ಲ. ಗಂಡಸರಿಗೆ ಇದಕ್ಕಿಂತ ದೊಡ್ಡ ಅವಮಾನವನ್ನು ನಾನು ಬೇರೆ ಗಾದೆಯಲ್ಲಿ ಕಂಡಿಲ್ಲ, ಅವರಲ್ಲಿ ಹೆಚ್ಚಿನವರು ಇದನ್ನು ಗಮನಿಸಿದಂತೆಯೂ ಇಲ್ಲ.

ಇದಕ್ಕಿಂತ ಸ್ವಲ್ಪ ಓದಿಕೊಂಡವರು ಹೂಡುವ ವಾದ ಬೇರೆ: ಕುಡಿದು ಗಾಡಿ ಓಡಿಸಿ ಅಪಘಾತ ಮಾಡಿದವನು ಹೊಣೆ ಹೊರುತ್ತಾನಲ್ಲ, ಕುಡಿದ ಹೆಣ್ಣು ಏಕೆ ಹೊರಬಾರದು? ಹೋಲಿಕೆ ಸರಿಯಾಗಿಯೇ ಇದೆ, ಹಚ್ಚಿದ ಜಾಗ ಮಾತ್ರ ತಪ್ಪು. ಅಲ್ಲಿ ಕುಡಿದವನೇ ಮಾಡಿದವನು. ಇಲ್ಲಿ ಅವನ ಸ್ಥಾನದಲ್ಲಿ ನಿಲ್ಲುವುದು ದೌರ್ಜನ್ಯ ಎಸಗಿದವನು, ಅವಳು ರಸ್ತೆ ದಾಟುತ್ತಿದ್ದವಳು. ಕುಡಿದವಳು ಮರುದಿನದ ತಲೆನೋವಿಗೆ, ಕೆಲಸ ತಪ್ಪಿದ್ದಕ್ಕೆ, ತಾನೇ ಯಾರಿಗಾದರೂ ಬೈದಿದ್ದರೆ ಅದಕ್ಕೆ ಖಂಡಿತ ಹೊಣೆ. ಇನ್ನೊಬ್ಬ ಮನುಷ್ಯ ಎಚ್ಚರದಿಂದ ಬಾಗಿಲು ಮುಚ್ಚಿದ್ದಕ್ಕೆ ಅವಳು ಹೊಣೆಯಾಗುವುದು ಹೇಗೆ? ಮೆಜೆಸ್ಟಿಕ್ಕಿನಲ್ಲಿ ಕುಡಿದು ಮಲಗಿದ್ದವನ ಮೊಬೈಲು ಕದ್ದರೆ ಅದನ್ನು ಕಳ್ಳತನವೆಂದೇ ಕರೆಯುತ್ತೇವೆ.

ಕಾನೂನು ಈ ವಿಷಯದಲ್ಲಿ ನಮ್ಮ ಜಗಲಿಕಟ್ಟೆಗಿಂತ ಮುಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನ ಪ್ರಕಾರ, ಅಮಲಿನ ಕಾರಣದಿಂದ ತಾನು ಒಪ್ಪುತ್ತಿರುವುದು ಏನು, ಅದರ ಪರಿಣಾಮವೇನು ಎಂದು ತಿಳಿಯಲಾಗದ ಸ್ಥಿತಿಯಲ್ಲಿ ಹೆಣ್ಣು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಒಪ್ಪಿಗೆಯನ್ನು ತಿಳಿಸಲಾಗದ ಸ್ಥಿತಿಯಲ್ಲಿದ್ದರೂ ಅಷ್ಟೇ. ಮೈಮೇಲೆ ಬಿದ್ದವನನ್ನು ತಳ್ಳಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯಕೂಡದು ಎಂದೂ ಅಲ್ಲೇ ಬರೆದಿದೆ. ಒಂದು ಗ್ಲಾಸು ಬಿಯರ್ ಕುಡಿದವಳ ಒಪ್ಪಿಗೆಯೆಲ್ಲ ಅಸಿಂಧುವೆಂದು ಇದರ ಅರ್ಥವಲ್ಲ. ಆದರೆ ಅವಳು ಬೇಡವೆಂದಿದ್ದರೆ ಕುಡಿತದ ಲೆಕ್ಕ ಎತ್ತುವ ಅಗತ್ಯವೇ ಬೀಳುವುದಿಲ್ಲ. ಅತ್ತ ಅವನ ಕುಡಿತದ ವಿಷಯವನ್ನು 24ನೇ ಕಲಂ ನೋಡಿಕೊಳ್ಳುತ್ತದೆ: ತಾನಾಗಿ ಕುಡಿದವನಿಗೆ, ಕುಡಿಯದಿದ್ದಾಗ ಇರುವಷ್ಟೇ ತಿಳಿವಳಿಕೆ ಇತ್ತೆಂದು ಕಾನೂನು ಭಾವಿಸುತ್ತದೆ. ‘ಕುಡಿದ ಮತ್ತಿನಲ್ಲಿ ಏನೋ ಆಗಿಹೋಯಿತು’ ಎಂಬ ರಾಜಿ ಪಂಚಾಯಿತಿಯ ಮಾತಿಗೆ ಅಲ್ಲಿ ಬೆಲೆಯಿಲ್ಲ. ಈ ಕಾನೂನಿನ ಒಂದು ಕೊರತೆಯನ್ನೂ ಹೇಳಬೇಕು: ಇದೇ ಸ್ಥಿತಿಗೆ ಒಳಗಾದ ವಯಸ್ಕ ಗಂಡಸಿಗೆ ಅತ್ಯಾಚಾರದ ಕಲಂ ಅನ್ವಯಿಸುವುದಿಲ್ಲ, ಗಂಡಸಿನ ಮೇಲಿನ ಬಲವಂತಕ್ಕೆ ಬಳಸಬಹುದಾಗಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಂ ಕೂಡ ಹೊಸ ಸಂಹಿತೆಯಲ್ಲಿಲ್ಲ. ಅವನ ಮಾತನ್ನು ಕೇಳಿಸಿಕೊಳ್ಳುವ ಬಗೆ ಮಾತ್ರ ಬೇರೆಯಾಗಬೇಕಿಲ್ಲ.

ಕಾನೂನು ಮುಂದಿದ್ದರೂ ಕುರ್ಚಿಯಲ್ಲಿ ಕೂತವರ ಬಾಯಿ ಹಿಂದೆ ಉಳಿಯುವುದುಂಟು. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಗುಂಪಿನಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟ ದೂರುಗಳು ಬಂದಾಗ, ಅಂದಿನ ಗೃಹ ಸಚಿವ ಜಿ. ಪರಮೇಶ್ವರ ಅವರು ಯುವಜನರು ಪಾಶ್ಚಾತ್ಯರ ಮನೋಭಾವವನ್ನೂ ಉಡುಪನ್ನೂ ಅನುಕರಿಸುತ್ತಾರೆಂದು ಹೇಳಿ ಟೀಕೆಗೆ ಗುರಿಯಾದರು. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ದೂರುದಾರಳು ರಾತ್ರಿ ಕಚೇರಿಗೆ ಏಕೆ ಹೋದಳು, ಆರೋಪಿಯೊಂದಿಗೆ ಮದ್ಯ ಸೇವನೆಗೆ ಏಕೆ ಆಕ್ಷೇಪಿಸಲಿಲ್ಲ ಎಂಬ ಪ್ರಶ್ನೆಗಳ ಜೊತೆಗೆ, ಘಟನೆಯ ನಂತರ ದಣಿದು ನಿದ್ದೆ ಹೋದೆನೆಂಬ ಅವಳ ಹೇಳಿಕೆ ಭಾರತೀಯ ಮಹಿಳೆಗೆ ಶೋಭಿಸದು ಎಂಬ ಸಾಲೂ ಇತ್ತು. ತೀವ್ರ ಟೀಕೆಯ ನಂತರ ಆ ಸಾಲನ್ನು ತೆಗೆದುಹಾಕಲಾಯಿತು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅಪರ್ಣಾ ಭಟ್ ಪ್ರಕರಣದಲ್ಲಿ, ಕುಡಿಯುವ, ಸಿಗರೇಟು ಸೇದುವ ಹೆಣ್ಣು ತಾನೇ ಆಹ್ವಾನ ಕೊಟ್ಟಂತೆ ಎಂಬ ಬಗೆಯ ಕಲ್ಪನೆಗಳನ್ನು ನ್ಯಾಯಾಧೀಶರು ಆದೇಶಗಳಲ್ಲಿ ತರಬಾರದೆಂದು ಹೇಳಿತು. ಠಾಣೆಯಲ್ಲೋ ಆಸ್ಪತ್ರೆಯಲ್ಲೋ ಇಂಥ ಮಾತು ಕಿವಿಗೆ ಬಿದ್ದರೆ ಅವಳು ಉತ್ತರಿಸಬೇಕಿಲ್ಲ, ಜೊತೆಗೆ ಹೋದ ನೀವು ಉತ್ತರಿಸಬಹುದು.

ಆಸ್ಪತ್ರೆಗೆ ಹೊರಡುವುದಾದರೆ ಬೇಗ ಹೊರಡಿ. ಸಾಧ್ಯವಾದರೆ ಸ್ನಾನಕ್ಕೆ ಮೊದಲು. ಸ್ನಾನವಾಗಿದ್ದರೂ ಹೋಗುವುದು ವ್ಯರ್ಥವಲ್ಲ. ಉಟ್ಟ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲೋ ಹಳೆಯ ದಿನಪತ್ರಿಕೆಯಲ್ಲೋ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ತೇವ ಕಟ್ಟಿ ಕೆಡುತ್ತದೆ. ಪಾನೀಯದಲ್ಲಿ ಏನೋ ಬೆರೆಸಿದ್ದಾರೆಂಬ ಅನುಮಾನವಿದ್ದರೆ ಮೂತ್ರದ ಮಾದರಿಯನ್ನು ತೆಗೆದುಕೊಳ್ಳುವಂತೆ ನೀವಾಗಿ ಕೇಳಿ, ಏಕೆಂದರೆ ಕೆಲವು ಮಾದಕಗಳ ಗುರುತು ಅರ್ಧ ದಿನದೊಳಗೆ ಅಳಿದುಹೋಗುತ್ತದೆ. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ, ಎಚ್‌ಐವಿ ತಗಲದಂತೆ ಕೊಡುವ ಔಷಧಿಯೂ 72 ಗಂಟೆಯೊಳಗೆ, ಎಷ್ಟು ಮೊದಲಾದರೆ ಅಷ್ಟು ಒಳ್ಳೆಯದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ, ಹಣ ಕೇಳುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಅವರ ಕರ್ತವ್ಯ. ಆದರೆ ಪರೀಕ್ಷೆಗೆ ಒಪ್ಪುವುದು ಬಿಡುವುದು ವಯಸ್ಕಳಾದ ಅವಳಿಗೆ ಸೇರಿದ್ದು. ಯೋನಿಯೊಳಗೆ ಬೆರಳಿಟ್ಟು ಹಿಂದಿನ ಲೈಂಗಿಕ ಸಂಬಂಧವನ್ನು ಊಹಿಸುವ ‘ಎರಡು ಬೆರಳಿನ ಪರೀಕ್ಷೆ’ಯನ್ನು ಮಾಡುವುದು ದುರ್ನಡತೆಯೆಂದು ಸುಪ್ರೀಂ ಕೋರ್ಟು 2022ರ ಅಕ್ಟೋಬರ್‌ನಲ್ಲಿ ಹೇಳಿದೆ.

ಠಾಣೆಯ ಸರಹದ್ದಿನ ವಿಷಯಕ್ಕೆ ತಲೆಕೆಡಿಸಿಕೊಳ್ಳಬೇಡಿ. ಘಟನೆ ಇಂದಿರಾನಗರದಲ್ಲಿ ನಡೆದಿದ್ದರೂ ನೀವಿರುವ ಮಡಿವಾಳದಲ್ಲಿ ಝೀರೋ ಎಫ್‌ಐಆರ್ ಬರೆದುಕೊಳ್ಳಬೇಕು, ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ, ಅದಕ್ಕೆ 15100. ಪಬ್ಬಿನ ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದಾದ್ದರಿಂದ, ಅವನ್ನು ಕಾಯ್ದಿರಿಸುವಂತೆ ದೂರಿನಲ್ಲೇ ಒಂದು ಸಾಲು ಸೇರಿಸಿ. ಯುಪಿಐ ಪಾವತಿ, ಕ್ಯಾಬಿನ ರಸೀದಿ, ವಾಟ್ಸ್ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ, ಅವಳಿಗೆ ಮುಜುಗರ ತರುವಂಥದ್ದನ್ನು ಸಹ. ನಡೆದದ್ದು ಕಚೇರಿಯ ಪಾರ್ಟಿಯಲ್ಲೋ ಪ್ರವಾಸದಲ್ಲೋ ಆದರೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕಚೇರಿಯ ಆಂತರಿಕ ಸಮಿತಿಗೂ ಮೂರು ತಿಂಗಳೊಳಗೆ ದೂರು ಕೊಡಬಹುದು. ಅವಳ ಹೆಸರನ್ನು ಗೆಳೆಯರ ಗುಂಪಿನಲ್ಲಿ ಹರಿಯಬಿಡಬೇಡಿ. ಗುರುತು ಬಹಿರಂಗಪಡಿಸಿ ಪ್ರಕಟಿಸುವುದು ಎರಡು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ.

ಊರಿನಿಂದ ಬಂದ ತಾಯಿ ‘ಮಾನ ಹೋಯಿತಲ್ಲೇ’ ಎಂದು ಅಳುವಾಗ ನೀವು ಪಕ್ಕದಲ್ಲಿರಬಹುದು. ಅವರೊಂದಿಗೆ ವಾದಕ್ಕೆ ಇಳಿಯಬೇಡಿ. ‘ಅಮ್ಮಾ, ಮಾನ ಹೋದದ್ದು ಅವನದು, ಇವಳು ನಿನ್ನೆಯಿಂದ ಏನೂ ತಿಂದಿಲ್ಲ’ ಎಂದು ಹೇಳಿ ಕೈಗೆ ತಟ್ಟೆ ಕೊಟ್ಟರೆ ಬಹುಪಾಲು ತಾಯಂದಿರು ಅಷ್ಟರಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ.

ಹಾಗಾದರೆ ಎಚ್ಚರಿಕೆಯ ಮಾತನ್ನು ಆಡಲೇಬಾರದೇ? ಆಡಬಹುದು, ಮೊದಲು ಮತ್ತು ಎಲ್ಲರಿಗೂ. ಪಬ್ಬುಗಳು ರಾತ್ರಿ ಒಂದರವರೆಗೆ ತೆರೆದಿರುವ, ಮೆಟ್ರೋ ಅದಕ್ಕಿಂತ ಎಷ್ಟೋ ಮೊದಲು ನಿಲ್ಲುವ ಊರಿನಲ್ಲಿ, ಯಾರು ಯಾರೊಂದಿಗೆ ಹೇಗೆ ಮನೆ ಸೇರುತ್ತಾರೆಂದು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳುವುದು, ಒಬ್ಬರಾದರೂ ಕುಡಿಯದೆ ಉಳಿಯುವುದು ಬುದ್ಧಿವಂತಿಕೆ. ಪಾರ್ಟಿ ಕೊಡುವವರು ಊಟವನ್ನು ಮೊದಲು ಬಡಿಸಲಿ, ಖಾಲಿಯಾಗದ ಲೋಟಕ್ಕೆ ಮತ್ತೆ ಸುರಿಯದಿರಲಿ, ತೂರಾಡುತ್ತಿರುವ ಹುಡುಗಿಯನ್ನು ‘ನಾನು ಬಿಡುತ್ತೇನೆ’ ಎಂದು ಮುಂದೆ ಬಂದವನ ಜೊತೆ ಕಳಿಸದಿರಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಆರೋಪಿ ಪರಿಚಿತನೇ ಆಗಿರುತ್ತಾನೆ. ಹುಡುಗರು ತಮ್ಮ ತಮ್ಮಲ್ಲಿ ಆಡಿಕೊಳ್ಳಬೇಕಾದ ಮಾತು ಇನ್ನೂ ಚಿಕ್ಕದು: ಅವಳಿಗೆ ಅಮಲೇರಿದೆಯೇ ಇಲ್ಲವೇ ಎಂಬ ಅನುಮಾನ ಬಂದಲ್ಲಿಗೆ ಅವತ್ತಿನ ಮಾತು ಮುಗಿಯಿತು. ಇದೇ ಎಚ್ಚರಿಕೆಯನ್ನು ಘಟನೆಯ ಮರುದಿನ ಅವಳೊಬ್ಬಳಿಗೆ ಹೇಳಿದರೆ ಮಾತ್ರ ಅದು ದೂಷಣೆಯಾಗುತ್ತದೆ, ಹೇಳಿದವರ ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಕೊನೆಯ ಕೆಲಸವೊಂದು ನಿಮ್ಮದೇ. ಅವಳು ಮಲಗಿದ ಮೇಲೆ, ಅವಳು ಬಂದ ಸಮಯ, ಬಟ್ಟೆ ಮತ್ತು ಮೈಯ ಸ್ಥಿತಿ, ಅವಳು ಆಡಿದ ಮಾತು ಇಷ್ಟನ್ನು ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆದಿಡಿ. ಮುಂದೆ ನಿಮ್ಮನ್ನು ಸಾಕ್ಷಿಯಾಗಿ ಕರೆಯಬಹುದು, ಅಷ್ಟರಲ್ಲಿ ಎರಡು ವರ್ಷ ಕಳೆದಿರಬಹುದು. ಅವಳು ಹೇಳದೆ ಇದ್ದದ್ದನ್ನು ಸೇರಿಸಬೇಡಿ, ಅವಳ ಮಾತನ್ನು ತಿದ್ದಬೇಡಿ. ‘ನಾನೂ ಕುಡಿದಿದ್ದೆ’ ಎಂದಿದ್ದರೆ ಅವಳ ಒಳ್ಳೆಯದಕ್ಕೆಂದು ಅದನ್ನು ಬಿಟ್ಟುಬಿಡುವ ಮನಸ್ಸಾಗುತ್ತದೆ. ಬಿಡಬೇಡಿ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವಳಿರಲಿಲ್ಲ ಎಂಬುದಕ್ಕೆ ಮುಂದೆ ಆಧಾರವಾಗಿ ನಿಲ್ಲಬಹುದಾದ ಸಾಲು ಅದೇ.