ಜಾಝ್ ಗಿಟಾರಿಗೆ ಬಾಸ್ ಆ್ಯಂಪ್: ನನ್ನ ಅನುಭವ

ವಾಲ್ವ್ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ನಳಿಗೆ) ಇಲ್ಲದ ಪೆಟ್ಟಿಗೆಯಲ್ಲಿ ಎಂಥ ಜಾಝ್ ಎಂದು ಮೂಗು ಮುರಿದವರಲ್ಲಿ ಇಬ್ಬರು ಈಗ ನನ್ನ ಆ್ಯಂಪನ್ನು, ಅಂದರೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಯನ್ನು, ಎರವಲು ಕೇಳುತ್ತಿದ್ದಾರೆ. ಆದ್ದರಿಂದ ಬರೆದುಬಿಡುತ್ತೇನೆ. ಅದೊಂದು ಬಾಸ್ ಕಾಂಬೊ, ಅಂದರೆ ಬಾಸ್ ಗಿಟಾರಿಗೆಂದು ಮಾಡಿದ, ಆ್ಯಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು: 30 ವಾಟ್, 10 ಇಂಚಿನ ಸ್ಪೀಕರ್, ಹಿಂಬದಿ ಪೂರ್ತಿ ಮುಚ್ಚಿದ್ದು, ಒಳಗೆಲ್ಲ ಟ್ರಾನ್ಸಿಸ್ಟರ್. ಸೆಕೆಂಡ್ ಹ್ಯಾಂಡ್, 9,000ವೋ 9,500ವೋ ಕೊಟ್ಟ ನೆನಪು.

ಇದಕ್ಕೂ ಮೊದಲು ನನ್ನಲ್ಲಿದ್ದದ್ದು ವಾಲ್ವ್ ಕಾಂಬೊ, 20 ವಾಟ್ ಚಿಲ್ಲರೆ, 12 ಇಂಚು, ಹಿಂಬದಿ ತೆರೆದದ್ದು. ಅಮೆರಿಕದಿಂದ ಸಾಮಾನಿನೊಡನೆ ಬಂದ ಮಾಲು. ಎಪ್ಪತ್ತು ಸಾವಿರದ ಆಸುಪಾಸು ಎಣಿಸಿದ್ದೆ. ಅದು 120 ವೋಲ್ಟಿನದು, ನಮ್ಮ ಮನೆಯ ಕರೆಂಟಿಗೆ ನೇರ ಹಾಕುವಂತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡೆ, ಮತ್ತೆ ಎರಡೂವರೆ ಸಾವಿರ. ಆ ಟ್ರಾನ್ಸ್‌ಫಾರ್ಮರ್ ಬ್ಯಾಲಡ್ (ನಿಧಾನ ಲಯದ ಹಾಡು) ನುಡಿಸುವಾಗೆಲ್ಲ ಗುಂಯ್ ಎನ್ನುತ್ತಿತ್ತು. ಪವರ್ ವಾಲ್ವ್ ಜೋಡಿ ಬದಲಿಸಿದಾಗ ಬಯಾಸ್ (ವಾಲ್ವ್‌ಗೆ ಹರಿಯುವ ಕರೆಂಟಿನ ಹೊಂದಾಣಿಕೆ) ಸರಿಪಡಿಸುವ ಕೂಲಿಯೂ ಸೇರಿ ಆರು ಸಾವಿರ ಹೋಯಿತು.

ಹಣ ಹೋಗಲಿ, ನಾದವಾದರೂ ದಕ್ಕಿತೇ ಎಂದರೆ ಅದೂ ಇಲ್ಲ. ನನ್ನದು ಗಿಬ್ಸನ್ನಿನ ಇಎಸ್-175 ಮಾದರಿಯ ಹಾಲೋಬಾಡಿ (ಒಳಗೆ ಟೊಳ್ಳಾದ ಗಿಟಾರ್), 12ರ ದಪ್ಪದ ಫ್ಲ್ಯಾಟ್‌ವೌಂಡ್ (ಮೇಲ್ಮೈ ನುಣುಪಾದ) ತಂತಿ, ಬಳಸುವುದು ನೆಕ್ ಪಿಕಪ್ (ಕತ್ತಿನ ಬಳಿ ತಂತಿಯ ಕಂಪನ ಹಿಡಿಯುವ ಸಾಧನ) ಮಾತ್ರ. ಆ ಬಗೆಯ ಅಮೆರಿಕನ್ ಟೋನ್ ಸರ್ಕ್ಯೂಟ್ ಮಿಡ್ (ನಡುವಿನ ಆವರ್ತನಗಳ) ಭಾಗವನ್ನು ತಗ್ಗಿಸುತ್ತದೆ, ನಮ್ಮ ಸ್ವರಗಳ ಮೈಯೆಲ್ಲ ಇರುವುದೇ ಅಲ್ಲಿ. ಬಾಸ್, ಟ್ರೆಬಲ್ ಎರಡನ್ನೂ 2ಕ್ಕೆ ಇಳಿಸಿ ಮಿಡ್ಡನ್ನು 10ಕ್ಕೆ ಏರಿಸಿದರೆ ಸರಿಹೋಗುತ್ತದೆ ನಿಜ. ಆಗ ಒಟ್ಟು ಸದ್ದು ಕುಗ್ಗುತ್ತದೆ. ಡ್ರಮ್ಮಿಗೆ ಸಾಟಿಯಾಗಲು ವಾಲ್ಯೂಮ್ ತಿರುಗಿಸಿದರೆ ಸ್ವರ ಒಡೆಯುತ್ತದೆ. ಬ್ಲೂಸ್ ಗೆಳೆಯರಿಗೆ ಆ ಒಡಕೇ ಅಮೃತ. ನನಗೆ ಮೇಜರ್ ಸೆವೆಂತ್ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ಒಳಗೆ ಗೊರಗೊರ ಕೇಳಿಸಿದರೆ ತಲೆ ಕೆಡುತ್ತದೆ.

ಹಿಂಬದಿಗೆ ಪ್ಲೈವುಡ್ ಬಡಿದು ನೋಡಿದೆ. ಕೆಳಸ್ವರಗಳೇನೋ ಗಟ್ಟಿಯಾದವು, ಮೊದಲ ಸೆಟ್ ಮುಗಿಯುವಷ್ಟರಲ್ಲಿ ಚಾಸಿ ಮುಟ್ಟಲಾಗದಷ್ಟು ಕಾದಿತ್ತು. ಹಲಗೆ ಈಗ ಮನೆಯಲ್ಲಿ ಪುಸ್ತಕದ ಕಪಾಟಿನ ತಳ. ಒಂದು ಕೀಬೋರ್ಡ್ ಆ್ಯಂಪನ್ನೂ ಬಾಡಿಗೆಗೆ ತಂದಿದ್ದೆ. ಪಿಕ್ಕಿನ ಕಿಚಕಿಚವೆಲ್ಲ ಸ್ವರಕ್ಕಿಂತ ಮುಂದೆ ಬಂದು ನಿಂತಿತು. ಅಭ್ಯಾಸದ ಸ್ಟುಡಿಯೊದಲ್ಲಿ ರೋಲ್ಯಾಂಡ್ ಕಂಪನಿಯ ಜೆಸಿ-120 ಎಂಬ ಟ್ರಾನ್ಸಿಸ್ಟರ್ ಆ್ಯಂಪ್ ಇತ್ತು. 1975ರ ವಿನ್ಯಾಸವಾದರೂ ಅದರಷ್ಟು ಸ್ವಚ್ಛ ನಾದ ಇನ್ನೊಂದರಲ್ಲಿ ನಾನು ಕೇಳಿಲ್ಲ. ಆದರೆ 30 ಕಿಲೋ ಹತ್ತಿರದ ತೂಕ, ಎರಡು 12 ಇಂಚಿನ ಸ್ಪೀಕರ್. ಆಟೊದವನು ನೋಡಿಯೇ ಮೀಟರ್ ಮರೆಯುತ್ತಾನೆ.

ಟ್ರಾನ್ಸಿಸ್ಟರ್ ಎಂದರೆ ಸತ್ತ ನಾದ ಎನ್ನುವವರಿಗೆ ನಾನು ಹೇಳುವುದಿಷ್ಟೆ. ಹೆಸರಾಂತ ಜಾಝ್ ಗಿಟಾರ್ ವಾದಕ ಜೋ ಪಾಸ್ ವರ್ಷಗಟ್ಟಲೆ ನುಡಿಸಿದ್ದು ಪಾಲಿಟೋನಿನಲ್ಲಿ. ಅದು ಟ್ರಾನ್ಸಿಸ್ಟರ್ ಆ್ಯಂಪ್, ಕಂಪನಿ ಕಟ್ಟಿದವನು ಟಾಮಿ ಗುಮಿನಾ ಎಂಬ ಅಕಾರ್ಡಿಯನ್ ವಾದಕ. ಡಬಲ್ ಬಾಸ್ ನುಡಿಸುವವರೂ ಅದನ್ನೇ ಹೊತ್ತು ತಿರುಗುತ್ತಿದ್ದರು. ನನಗೆ ದಾರಿ ಹೊಳೆದದ್ದು ಅಲ್ಲೇ: ಪಾಲಿಟೋನ್ ಇಲ್ಲಿ ಸಿಗದು, ಬಾಸ್ ಕಾಂಬೊ ಸಿಗುತ್ತದೆ.

ಕೊಳ್ಳುವ ಮುನ್ನ ಮಾರುವವರ ಮನೆಯಲ್ಲಿ ಸೋಲೊ ನುಡಿಸುವ ಗೋಜಿಗೆ ಹೋಗಲಿಲ್ಲ. ಹೆಬ್ಬೆರಳಿನಲ್ಲಿ ಡಿ ಮೈನರ್ 7, ಜಿ 7, ಸಿ ಮೇಜರ್ 7, ಅದೂ ಮೂರೇ ಸ್ವರದ ಶೆಲ್ ಕಾರ್ಡುಗಳು, ಅಷ್ಟೇ ನುಡಿಸಿದ್ದು. ಆಮೇಲೆ ಗಿಟಾರನ್ನು ಗೆಳೆಯನ ಕೈಗಿತ್ತು ಬಾಗಿಲಾಚೆ ಹೋಗಿ ನಿಂತೆ. ಅಲ್ಲಿಗೂ ಮೂರು ಸ್ವರ ಬಿಡಿಬಿಡಿಯಾಗಿ ಕೇಳಿಸಿದವು. ವಾಲ್ವ್ ಪೆಟ್ಟಿಗೆಯಲ್ಲಿ ಅವು ಮುದ್ದೆಯಾಗುತ್ತಿದ್ದವು.

ಮೊದಲ ಕಾರ್ಯಕ್ರಮದಲ್ಲಿ ಇದೂ ಕೈಕೊಟ್ಟಿತು. ಆರನೇ ತಂತಿಯ ಮೂರನೇ ಫ್ರೆಟ್, ಅಂದರೆ ಜಿ, 98 ಹರ್ಟ್ಸ್, ಮುಟ್ಟಿದರೆ ಸಾಕು ಊಳಿಡತೊಡಗಿತು. ಬಾಸ್ ವಾದಕ ತಿರುಗಿ ನೋಡಿ ನಕ್ಕ. ಅದಕ್ಕೆ ಮಾಡಿದ್ದು ಇಷ್ಟು: ಆ್ಯಂಪನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಟ್ಟೆ, ಬಾಸ್ ಗುಬ್ಬಿಯನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂಬತ್ತು ಗಂಟೆಗೆ ಇಳಿಸಿದೆ, ಮಿಡ್ ಒಂದು ಗಂಟೆ. ಕಬ್ಬಿಣದ ಕುರ್ಚಿಯಾದರೆ ತಗಡು ಝಣಗುಟ್ಟುತ್ತದೆ, ಮಡಚಿದ ಟವೆಲ್ ಹಾಸಬೇಕು. ಕೆಳಸ್ವರದ ಉಬ್ಬರಕ್ಕೆ ನೆಲವೂ ಒಂದು ಕಾರಣ, ಎತ್ತಿದ ಕೂಡಲೇ ಅರ್ಧ ರೋಗ ವಾಸಿ. ಎಫ್-ಹೋಲಿಗೆ (ಗಿಟಾರಿನ ಮೈಮೇಲಿನ ಎಫ್ ಆಕಾರದ ರಂಧ್ರಕ್ಕೆ) ಸ್ಪಾಂಜನ್ನೂ ತುರುಕಿದ್ದೇನೆ. ಯಾವ ಸ್ಪಾಂಜ್, ಎಷ್ಟು ಎನ್ನುವುದು ನನ್ನಲ್ಲೇ ಇರಲಿ.

ಇನ್ನೊಂದು, ಟ್ವೀಟರ್, ಅಂದರೆ ತೀಕ್ಷ್ಣ ಸ್ವರಗಳಿಗಿರುವ ಪುಟ್ಟ ಸ್ಪೀಕರ್. ಬಾಸ್ ವಾದಕರಿಗೆ ಸ್ಲ್ಯಾಪ್ (ತಂತಿಯನ್ನು ಬಡಿದು ನುಡಿಸುವ ಸದ್ದು) ಕೇಳಿಸಲೆಂದು ಇಟ್ಟದ್ದು, ನಮಗೆ ಶುದ್ಧ ಕಿರುಕುಳ. ನನ್ನದು ಪಿಯೆಜೊ ಬಗೆಯದು, ಪ್ಲಗ್ ಕಿತ್ತು ವೈರಿನ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿದೆ, ಅಷ್ಟೇ. ಕಾಯಿಲ್ ಟ್ವೀಟರ್ ಇದ್ದು ಕ್ರಾಸ್‌ಓವರ್ (ಸದ್ದನ್ನು ಸ್ಪೀಕರುಗಳಿಗೆ ಹಂಚುವ ಸರ್ಕ್ಯೂಟ್) ಹಾಕಿದ್ದರೆ ಗೊತ್ತಿದ್ದವರ ಕೈಯಲ್ಲಿ ಮಾಡಿಸಿ.

ವಾಲ್ವ್ ಪೆಟ್ಟಿಗೆಯನ್ನು ಐವತ್ತೈದು ಸಾವಿರಕ್ಕೆ ಮಾರಿದೆ, ಟ್ರಾನ್ಸ್‌ಫಾರ್ಮರನ್ನು ಕೊಸರಾಗಿ ಕೊಟ್ಟೆ. ಗಿಟಾರಿಗೂ ಆ್ಯಂಪಿಗೂ ನಡುವೆ ಈಗ ಒಂದು ಪುಟ್ಟ ಪ್ರೀಆ್ಯಂಪ್ ಇದೆ, ನಾದದ ಬೆಚ್ಚನೆಯ ಗುಟ್ಟು ಅರ್ಧ ಅದರದ್ದು. ಹೆಸರು ಕೇಳಬೇಡಿ, ಊರಲ್ಲಿ ಅದರ ಬೆಲೆ ಏರುವುದು ನನಗೆ ಬೇಕಿಲ್ಲ. ಸಿಂಗಲ್ ಕಾಯಿಲ್ ಗಿಟಾರಿನಲ್ಲಿ ಫಂಕ್ ನುಡಿಸುವವರಿಗೆ ಈ ಏರ್ಪಾಡು ಮಂಕಾಗಿ ಕೇಳೀತು. ದೊಡ್ಡ ಸಭಾಂಗಣವಾದರೆ ಲೈನ್ ಔಟ್ (ಸ್ಪೀಕರಿಗೆ ಹೋಗುವ ಮುಂಚಿನ ಸಂಕೇತ) ತೆಗೆದು ಮಿಕ್ಸರಿಗೆ ಕೊಡುತ್ತೇನೆ. ಆದರೆ ಲೈನ್ ಔಟಿನಲ್ಲಿ ಸ್ಪೀಕರಿನ ಮೃದುತ್ವ ಸಿಗುವುದಿಲ್ಲ, ಆದ್ದರಿಂದ ಟ್ರೆಬಲ್ ಅರ್ಧಕ್ಕರ್ಧ ಇಳಿಸುವಂತೆ ಸೌಂಡ್ ಎಂಜಿನಿಯರಿಗೆ ಮೊದಲೇ ಹೇಳಿರುತ್ತೇನೆ.