ಸೈನಿಕ ಮಾದರಿಯ ಮೆಕ್ಯಾನಿಕಲ್ ವಾಚು: ಸಣ್ಣ ಸಂಸ್ಥೆಗಳಿಂದ ಕೊಳ್ಳುವ ಮುನ್ನ ನೋಡಬೇಕಾದದ್ದು

ಸಣ್ಣ ಸ್ವತಂತ್ರ ಸಂಸ್ಥೆಗಳು ತಯಾರಿಸುವ ಸೈನಿಕ ಮಾದರಿಯ ಮೆಕ್ಯಾನಿಕಲ್ ವಾಚುಗಳಲ್ಲಿ ನಿಜಕ್ಕೂ ಗಟ್ಟಿಯಾದವೂ ಇವೆ, ಬರೀ ವೇಷ ಹಾಕಿಕೊಂಡವೂ ಇವೆ. ಚಿತ್ರದಲ್ಲಿ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಕಪ್ಪು ಡಯಲ್, ಬಿಳಿ ಅಂಕಿಗಳು, ಹೊಳಪಿಲ್ಲದ ಉಕ್ಕಿನ ಕೇಸ್, ನೈಲಾನ್ ಪಟ್ಟಿ ಇಷ್ಟನ್ನು ಯಾರು ಬೇಕಾದರೂ ಹೊಂದಿಸಿಬಿಡಬಹುದು. ಆದ್ದರಿಂದ ಮೊದಲು ಒಳಗಿನ ಯಂತ್ರವನ್ನು, ಆಮೇಲೆ ಕೇಸ್ ಮತ್ತು ಗಾಜನ್ನು, ಅನಂತರ ಡಯಲನ್ನು ನೋಡಬೇಕು. ಸಂಸ್ಥೆ ಹೇಳುವ ಶೌರ್ಯದ ಕಥೆಯನ್ನು ಎಲ್ಲಕ್ಕಿಂತ ಕೊನೆಗೆ ಓದಬೇಕು. ಬಹಳ ಜನ ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡು ಹಣ ಕಳೆದುಕೊಳ್ಳುತ್ತಾರೆ.

ಸೇನೆಗಳು ನಿಜವಾಗಿ ಕೇಳಿದ್ದೇನು ಎಂಬುದನ್ನು ತಿಳಿದುಕೊಂಡರೆ ಅಳತೆಗೋಲು ತಾನಾಗಿ ಸಿಗುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬ್ರಿಟನ್ನಿನ ಸೇನೆಗೆ ಒಮೆಗಾ, ಲಾಂಜಿನ್, ವರ್ಟೆಕ್ಸ್, ಟಿಮೋರ್ ಮೊದಲಾದ 12 ಸಂಸ್ಥೆಗಳು ಒದಗಿಸಿದ ವಾಚುಗಳಲ್ಲಿ ಕಪ್ಪು ಡಯಲ್, ಕತ್ತಲಲ್ಲಿ ಹೊಳೆಯುವ ಮುಳ್ಳು ಮತ್ತು ಗುರುತುಗಳು, ಸುಲಭವಾಗಿ ಚೂರಾಗದ ಗಾಜು, ನೀರು ಒಳಹೋಗದ ಕೇಸ್ ಇವು ಕಡ್ಡಾಯವಾಗಿದ್ದವು. ಅಮೆರಿಕದ ಎ-11 ವಾಚಿನಲ್ಲಿ ಕ್ರೌನ್, ಅಂದರೆ ಪಕ್ಕದಲ್ಲಿರುವ ಕೀ ಕೊಡುವ ಗುಂಡಿ, ಎಳೆದ ಕೂಡಲೇ ಸೆಕೆಂಡು ಮುಳ್ಳು ನಿಲ್ಲುವ ಏರ್ಪಾಡಿತ್ತು, ಏಕೆಂದರೆ ಒಂದು ತಂಡದವರೆಲ್ಲ ಸೆಕೆಂಡಿಗೆ ಸೆಕೆಂಡು ಸಮಯ ಹೊಂದಿಸಿಕೊಳ್ಳಬೇಕಿತ್ತು. ಜರ್ಮನಿಯ ವಿಮಾನ ಪಥದರ್ಶಕರ ವಾಚುಗಳ ವ್ಯಾಸ 55 ಮಿ.ಮೀ.; ದಪ್ಪ ಜಾಕೆಟ್ಟಿನ ತೋಳಿನ ಮೇಲೆ ಕಟ್ಟಿಕೊಳ್ಳುವುದಕ್ಕೆಂದೇ ಅವುಗಳನ್ನು ಮಾಡಿದ್ದರು. ಇಲ್ಲೆಲ್ಲ ಪ್ರತಿಯೊಂದು ಲಕ್ಷಣಕ್ಕೂ ಒಂದು ಕೆಲಸವಿತ್ತು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಅಮೆರಿಕದ ಸೇನೆ 1964ರಲ್ಲಿ ಹೊರತಂದ ಮಿಲ್-ಡಬ್ಲ್ಯು-46374 ಎಂಬ ನಿರ್ದಿಷ್ಟತೆ ಅಗ್ಗದ, ಸರಳವಾದ ವಾಚನ್ನು ಬಯಸಿತ್ತು. ಅದರ ನಂತರದ ಆವೃತ್ತಿಗಳಂತೂ ಕೆಟ್ಟರೆ ದುರಸ್ತಿಗೆ ಕಳಿಸದೆ ಬಿಸಾಡುವ ವಾಚುಗಳಿಗೇ ಒಪ್ಪಿಗೆ ಕೊಟ್ಟವು. ಹೀಗಿರುವಾಗ ‘ಸೈನಿಕ ದರ್ಜೆ’ ಎಂಬ ಮಾತನ್ನು ಮೂರು ತಲೆಮಾರು ಬಾಳುವ ಭರವಸೆಯೆಂದು ತಿಳಿಯುವುದು ಸರಿಯಲ್ಲ. ಬ್ರಿಟಿಷ್ ಸೇನೆಯೇ 1980ರ ಹೊತ್ತಿಗೆ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚಿಗೆ ಬದಲಾಯಿಸಿಕೊಂಡಿತು. ಕಠಿಣ ಕೆಲಸಕ್ಕೆ ಒಂದೇ ಒಂದು ವಾಚು ಬೇಕು ಎನ್ನುವವರಿಗೆ ನಾನೂ ಕ್ವಾರ್ಟ್ಜನ್ನೇ ಸೂಚಿಸುತ್ತೇನೆ. ಬ್ಯಾಟರಿಯ ಹಂಗಿಲ್ಲದ, ಯಾವುದೇ ಊರಿನ ನುರಿತ ಗಡಿಯಾರ ದುರಸ್ತಿಗಾರ ಬಿಚ್ಚಿ ಸರಿಪಡಿಸಬಲ್ಲ ಯಂತ್ರದ ಮೇಲೆ ಪ್ರೀತಿಯಿರುವವರಿಗಾಗಿ ಮುಂದಿನ ಮಾತುಗಳು.

ಮೊದಲು ಯಂತ್ರ

ಸಣ್ಣ ಸಂಸ್ಥೆಗಳಲ್ಲಿ ಬಹುಪಾಲು ತಮ್ಮದೇ ಯಂತ್ರವನ್ನು ತಯಾರಿಸುವುದಿಲ್ಲ. ದೊಡ್ಡ ಕಾರ್ಖಾನೆಗಳಿಂದ ಮೂವ್‌ಮೆಂಟ್, ಅಂದರೆ ಸಿದ್ಧ ಯಂತ್ರವನ್ನು, ಕೊಂಡು ತಮ್ಮ ಕೇಸಿನಲ್ಲಿ ಕೂರಿಸುತ್ತವೆ. ಇದು ನಾಚಿಕೆಪಡುವ ವಿಷಯವೇ ಅಲ್ಲ, ಕೊಳ್ಳುವವರ ಪಾಲಿಗೆ ಅನುಕೂಲವೇ ಹೆಚ್ಚು. ಸಂಸ್ಥೆ ನಾಳೆ ಬಾಗಿಲು ಹಾಕಿದರೂ ಅದರ ಒಳಗಿರುವ ಸೈಕೋ ಎನ್ಎಚ್35, ಮಿಯೋಟ 9015 ಅಥವಾ ಸೆಲಿಟಾ ಎಸ್‌ಡಬ್ಲ್ಯು200 ಮೂವ್‌ಮೆಂಟಿನ ಬಿಡಿಭಾಗ ಸಿಗುತ್ತದೆ, ಬೇಕಾದರೆ ಇಡೀ ಮೂವ್‌ಮೆಂಟನ್ನೇ ಬದಲಾಯಿಸಬಹುದು. ತನ್ನ ಮೂವ್‌ಮೆಂಟ್ ಯಾವುದೆಂದು ಹೇಳದೆ ‘ಉನ್ನತ ಗುಣಮಟ್ಟದ ಸ್ವಯಂಚಾಲಿತ ಯಂತ್ರ’ ಎಂದಷ್ಟೇ ಬರೆಯುವ ಸಂಸ್ಥೆಯನ್ನು ಅಲ್ಲಿಗೇ ಬಿಟ್ಟುಬಿಡುವುದು ಒಳ್ಳೆಯದು.

ಎನ್ಎಚ್35 ಗಂಟೆಗೆ 21,600 ಬಾರಿ ಮಿಡಿಯುತ್ತದೆ, ಪೂರ್ತಿ ಕೀ ಇದ್ದರೆ ಸುಮಾರು 41 ಗಂಟೆ ನಡೆಯುತ್ತದೆ. ದಿನಕ್ಕೆ 20 ಸೆಕೆಂಡು ಹಿಂದೆ ಬೀಳುವುದರಿಂದ ಹಿಡಿದು 40 ಸೆಕೆಂಡು ಮುಂದೆ ಓಡುವವರೆಗಿನ ವ್ಯತ್ಯಾಸವನ್ನು ತಯಾರಕರೇ ಒಪ್ಪಿಕೊಳ್ಳುತ್ತಾರೆ. ನಿಖರತೆಯಲ್ಲಿ ಇದು ಎದ್ದು ಕಾಣುವ ಯಂತ್ರವಲ್ಲ, ಆದರೆ ಒರಟು ಬಳಕೆಗೆ ಜಗ್ಗುವುದಿಲ್ಲ ಮತ್ತು ಎಲ್ಲೆಡೆ ಸಿಗುತ್ತದೆ. ಅದರ ದಪ್ಪ 5.3 ಮಿ.ಮೀ.ಗಿಂತ ತುಸು ಹೆಚ್ಚಾದ್ದರಿಂದ ವಾಚೂ ದಪ್ಪನಾಗುತ್ತದೆ. ಮಿಯೋಟ 9015ರ ದಪ್ಪ 3.9 ಮಿ.ಮೀ. ಮಾತ್ರ, ಮಿಡಿತ ಗಂಟೆಗೆ 28,800; ತೆಳ್ಳಗಿನ ವಾಚು ಬೇಕೆನ್ನುವವರಿಗೆ ಇದೇ ಸರಿ, ಆದರೆ ಕೈಯ ಚಲನೆಯಿಂದ ತಾನಾಗಿ ಕೀ ಕೊಡುವ ಅದರ ತೂಕದ ತಟ್ಟೆ, ಅಂದರೆ ರೋಟರ್, ಒಂದು ದಿಕ್ಕಿನಲ್ಲಿ ತಡೆಯಿಲ್ಲದೆ ಗಿರ್ರನೆ ತಿರುಗುವ ಸದ್ದು ನಿಶ್ಶಬ್ದ ಕೋಣೆಯಲ್ಲಿ ಕೇಳಿಸುತ್ತದೆ, ಕೆಲವರಿಗೆ ಅದು ಕಿರಿಕಿರಿ. ಸೆಲಿಟಾ ಎಸ್‌ಡಬ್ಲ್ಯು200 ಸ್ವಿಸ್ ಯಂತ್ರ, ಹಳೆಯ ಈಟಿಎ 2824ರ ರಚನೆಯನ್ನೇ ಅನುಸರಿಸಿದ್ದು. ಬೆಲೆ ಹೆಚ್ಚು, ಚೆನ್ನಾಗಿ ಹೊಂದಿಸಿದರೆ ನಿಖರತೆಯೂ ಹೆಚ್ಚು. ಅದಕ್ಕೆ ದಿನವೂ ಕೈಯಿಂದ ಪೂರ್ತಿ ಕೀ ಕೊಡುವ ಅಭ್ಯಾಸ ಬೇಡ, ಕೀ ಕೊಡುವ ಭಾಗದ ಹಲ್ಲುಗಳು ಸವೆಯುತ್ತವೆ. ನಿಂತಿದ್ದರೆ ನಾಲ್ಕಾರು ಸುತ್ತು ಕೊಟ್ಟು ಕೈಗೆ ಕಟ್ಟಿಕೊಂಡರೆ ಉಳಿದದ್ದನ್ನು ರೋಟರ್ ನೋಡಿಕೊಳ್ಳುತ್ತದೆ.

ತಯಾರಕರ ಶ್ರದ್ಧೆಯನ್ನು ತೋರಿಸಿಕೊಡುವ ಒಂದು ಸಣ್ಣ ಪರೀಕ್ಷೆಯಿದೆ. ಡಯಲಿನಲ್ಲಿ ದಿನಾಂಕದ ಕಿಂಡಿ ಇಲ್ಲದ ವಾಚಿನ ಕ್ರೌನನ್ನು ನಿಧಾನವಾಗಿ ಎಳೆಯಿರಿ. ಒಂದೇ ಹಂತಕ್ಕೆ ಎಳೆದೊಡನೆ ಸಮಯ ಹೊಂದಿಸಲು ಬಂದರೆ ಸರಿ. ಮಧ್ಯದಲ್ಲೊಂದು ಹಂತ ಸಿಕ್ಕಿ, ಅಲ್ಲಿ ತಿರುಗಿಸಿದಾಗ ಒಳಗೆ ಏನೋ ಕಟಕ್ಕೆಂದು ಜರುಗಿ ಡಯಲಿನ ಮೇಲೆ ಏನೂ ಬದಲಾಗದಿದ್ದರೆ, ದಿನಾಂಕದ ತಟ್ಟೆಯಿರುವ ಯಂತ್ರವನ್ನೇ ತಂದು ಡಯಲಿನ ಕೆಳಗೆ ಮುಚ್ಚಿಟ್ಟಿದ್ದಾರೆ ಎಂದು ಅರ್ಥ. ವಾಚು ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಆದರೆ ಮಿಯೋಟ 9039ರಂತೆ ದಿನಾಂಕವಿಲ್ಲದ ಯಂತ್ರಗಳು ಮಾರುಕಟ್ಟೆಯಲ್ಲಿರುವಾಗಲೂ ಆ ಗೋಜಿಗೆ ಹೋಗದವರು ಇನ್ನೆಲ್ಲೆಲ್ಲಿ ಉಳಿತಾಯ ಮಾಡಿರಬಹುದು ಎಂಬ ಅನುಮಾನವನ್ನು ನಾನಂತೂ ಇಟ್ಟುಕೊಳ್ಳುತ್ತೇನೆ.

ಕೇಸ್, ಗಾಜು ಮತ್ತು ನೀರಿನ ಅಂಕಿ

ನೀಲಮಣಿ ಗಾಜು, ಅಂದರೆ ಸಫೈರ್, ಗೀರು ಬೀಳದಂತೆ ತಡೆಯುವುದರಲ್ಲಿ ಉಳಿದ ಗಾಜುಗಳಿಗಿಂತ ಬಹಳ ಮುಂದಿದೆ. ಆದರೆ ಅಂಚಿಗೆ ಬಲವಾದ ಪೆಟ್ಟು ಬಿದ್ದರೆ ಒಡೆಯುತ್ತದೆ, ಒಡೆದ ಚೂರುಗಳು ಯಂತ್ರಕ್ಕೆ ಬೀಳುತ್ತವೆ. ಹಳೆಯ ಅಕ್ರಿಲಿಕ್ ಬೇಗ ಗೀರಾಗುತ್ತದೆ, ಆದರೆ ಸುಲಭಕ್ಕೆ ಒಡೆಯುವುದಿಲ್ಲ, ಗೀರುಗಳನ್ನು ಪಾಲಿಶ್ ಹಚ್ಚಿ ಮನೆಯಲ್ಲೇ ತಿಕ್ಕಿ ತೆಗೆಯಬಹುದು. ದಿನಬಳಕೆಗೆ ಸಫೈರ್ ಎಂಬುದು ನನ್ನ ಆಯ್ಕೆ. ಗಾಜು ಅಂಚಿನ ಉಂಗುರಕ್ಕಿಂತ ಮೇಲೆ ಉಬ್ಬಿರದೆ ಒಂದು ಕೂದಲೆಳೆಯಷ್ಟು ಕೆಳಗೇ ಇರುವಂತಿದ್ದರೆ ಇನ್ನೂ ಒಳ್ಳೆಯದು.

ಸಾಮಾನ್ಯ 316ಎಲ್ ಉಕ್ಕಿನ ಗಡಸುತನ ಸುಮಾರು 200 ವಿಕರ್ಸ್. ಫ್ರಾಂಕ್‌ಫರ್ಟಿನ ಸಿನ್ ಸಂಸ್ಥೆ ತನ್ನ ಕೆಲವು ವಾಚುಗಳ ಉಕ್ಕಿನ ಮೇಲ್ಪದರವನ್ನು ಇದರ ಹಲವು ಪಟ್ಟು ಗಡಸುಗೊಳಿಸುತ್ತದೆ. ಜರ್ಮನಿಯದೇ ಆದ ಡಮಾಸ್ಕೊ ಇಡೀ ಕೇಸನ್ನೇ ಗಡಸು ಉಕ್ಕಿನಲ್ಲಿ ಮಾಡುತ್ತದೆ. ಇವೆರಡರ ವಾಚುಗಳು ವರ್ಷಗಟ್ಟಲೆ ಬಳಸಿದ ಮೇಲೂ ಹೊಸದರಂತೆ ಕಾಣುವುದುಂಟು. ಇದಕ್ಕೆ ವ್ಯತಿರಿಕ್ತವಾಗಿ ಕಪ್ಪು ಬಣ್ಣದ ಲೇಪನವಿರುವ ಅಗ್ಗದ ಕೇಸುಗಳು ಅಂಚಿನಲ್ಲಿ ಬೇಗ ಸವೆದು ಬಿಳಿ ಉಕ್ಕು ಇಣುಕತೊಡಗುತ್ತದೆ. ಕಪ್ಪು ಬೇಕೇ ಬೇಕೆಂದರೆ ಲೇಪನ ಯಾವ ಬಗೆಯದೆಂದು ಕೇಳಿ ತಿಳಿದುಕೊಳ್ಳಿ, ಇಲ್ಲವಾದರೆ ಬರೀ ಮರಳು ಸಿಡಿಸಿ ಮಂಕು ಮಾಡಿದ ಉಕ್ಕನ್ನೇ ಆರಿಸಿ.

ನೀರಿನ ವಿಷಯದಲ್ಲಿ ಹಿಂಬದಿಯ ಮೇಲೆ ಕೊರೆದ ಮೀಟರುಗಳ ಅಂಕಿ ಹೊಸ ವಾಚಿನ ಮೇಲೆ ಪ್ರಯೋಗಾಲಯದಲ್ಲಿ ಹಾಕಿದ ಒತ್ತಡವನ್ನು ಹೇಳುತ್ತದೆಯೇ ಹೊರತು ಅಷ್ಟು ಆಳಕ್ಕೆ ಇಳಿಯಬಹುದೆಂದು ಹೇಳುವುದಿಲ್ಲ. ಈಜುವವರಿಗೆ 100 ಮೀಟರ್ ಮತ್ತು ತಿರುಪಿನ ಕ್ರೌನ್ ಇರಲಿ. ಮುಳುಗುವವರ ವಾಚಿಗಾದರೆ ಐಎಸ್ಒ 6425 ಎಂಬ ಪ್ರತ್ಯೇಕ ಮಾನದಂಡವಿದೆ, ಅದರ ಪ್ರಕಾರ ಹೇಳಿದ ಆಳಕ್ಕಿಂತ ಶೇ. 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಯಾಗಬೇಕು. ಬಿಸಿನೀರಿನ ಸ್ನಾನಕ್ಕೆ ಯಾವ ವಾಚನ್ನೂ ಕಟ್ಟಿಕೊಂಡು ಹೋಗಬೇಡಿ. ಬಿಸಿ ಮತ್ತು ಸಾಬೂನು, ನೀರು ಒಳಬರದಂತೆ ಕೇಸಿನೊಳಗೆ ಕೂರಿಸಿದ ರಬ್ಬರ್ ಬಳೆಗಳನ್ನು ಬೇಗ ಕೆಡಿಸುತ್ತವೆ.

ಡಯಲ್ ಮತ್ತು ಕತ್ತಲು

ಇಲ್ಲಿ ನನ್ನ ದೂರು ಒಂದೇ. ಹಳೆಯ ವಾಚಿನ ಮಾಸಿದ ರೇಡಿಯಂ ಬಣ್ಣವನ್ನು ಅನುಕರಿಸಿ ಹೊಸ ಡಯಲಿಗೆ ಚಹಾದ ಬಣ್ಣದ ಹೊಳಪು ಬಳಿಯುವ ರೂಢಿ ಸಣ್ಣ ಸಂಸ್ಥೆಗಳಲ್ಲಿ ವಿಪರೀತವಾಗಿದೆ. ಬಣ್ಣ ಬೆರೆಸಿದಷ್ಟೂ ಹೊಳಪು ಕುಗ್ಗುತ್ತದೆ, ಕತ್ತಲಲ್ಲಿ ಓದಲೆಂದೇ ಹುಟ್ಟಿದ ವಾಚಿಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಈಗಿನ ವಾಚುಗಳಿಗೆ ಬಳಿಯುವ ಸೂಪರ್-ಲುಮಿನೋವಾ ಎಂಬ ಹೊಳೆಯುವ ವಸ್ತುವಿನಲ್ಲಿ ಸಿ3 ಎಂಬ ತೆಳು ಹಸಿರು ಬಗೆಯೇ ಹೆಚ್ಚು ಪ್ರಕಾಶಮಾನವಾದದ್ದು. ಚಿತ್ರದಲ್ಲಿ ಎಲ್ಲ ವಾಚೂ ದೀಪದಂತೆ ಉರಿಯುತ್ತವೆ, ಏಕೆಂದರೆ ಟಾರ್ಚ್ ಬಿಟ್ಟ ಮರುಕ್ಷಣವೇ ತೆಗೆದ ಚಿತ್ರಗಳು ಅವು. ಸಂಜೆ ಮಾಮೂಲಿ ದೀಪದ ಬೆಳಕಿನಲ್ಲಿದ್ದ ವಾಚನ್ನು ನಾಲ್ಕು ಗಂಟೆ ಕತ್ತಲಲ್ಲಿಟ್ಟು, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಗಂಟೆ ಮುಳ್ಳು ಯಾವುದು ನಿಮಿಷದ ಮುಳ್ಳು ಯಾವುದು ಎಂದು ತಕ್ಷಣ ಗುರುತಿಸಲಾಗುತ್ತದೆಯೇ ನೋಡಿ. ಬೆಳಕೇ ಕಾಣದೆ ರಾತ್ರಿಯಿಡೀ ಹೊಳೆಯಬೇಕೆಂದರೆ ಟ್ರಿಟಿಯಂ ಅನಿಲದ ಕೊಳವೆಗಳಿರುವ ವಾಚು ಬೇಕು. ಕೆನಡಾದ ಮ್ಯಾರಥಾನ್ ಇವುಗಳಿಗೆ ಹೆಸರಾದದ್ದು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಅಂದರೆ ಅಷ್ಟರಲ್ಲಿ ಅದು ಅರ್ಧಕ್ಕೆ ಇಳಿದು ಹೊಳಪು ಕುಗ್ಗುತ್ತದೆ; ಆದ್ದರಿಂದ ಹಳೆಯ ದಾಸ್ತಾನಿನ ವಾಚು ಕೊಳ್ಳುವಾಗ ತಯಾರಿಯ ವರ್ಷ ಕೇಳಲೇಬೇಕು.

ಡಯಲಿನ ಮೇಲೆ ಬಾಣದ ಗುರುತು, ಸುಳ್ಳು ಸರಕು ಸಂಖ್ಯೆ, ವಿಕಿರಣದ ಚಿಹ್ನೆ ಇವುಗಳನ್ನು ಅಲಂಕಾರಕ್ಕೆಂದು ಹಾಕುವವರೂ ಇದ್ದಾರೆ. ಆ ಬಾಣ ಬ್ರಿಟಿಷ್ ಸರ್ಕಾರದ ಆಸ್ತಿಯೆಂಬ ಗುರುತಾಗಿತ್ತು. ಸೇನೆಗೆ ಹೋಗದ ವಾಚಿನ ಮೇಲೆ ಅದು ಬರೀ ನಾಟಕ. ಇದಕ್ಕೆ ಬದಲಾಗಿ ಹಳೆಯ ಅಗತ್ಯವನ್ನು ಹೊಸ ರೀತಿಯಲ್ಲಿ ಪೂರೈಸುವವರು ನನಗೆ ಮೆಚ್ಚುಗೆಯಾಗುತ್ತಾರೆ. ವರ್ಟೆಕ್ಸ್ ಸಂಸ್ಥೆಯನ್ನು ಸ್ಥಾಪಕರ ಮರಿಮಗ ಮತ್ತೆ ಆರಂಭಿಸಿದಾಗ ಹೊರಬಂದ ಎಂ100 ಮಾದರಿಯಲ್ಲಿ ಅಂಕಿಗಳನ್ನು ಡಯಲಿನ ಮೇಲೆ ಬಳಿಯುವ ಬದಲು ಹೊಳೆಯುವ ವಸ್ತುವಿನಿಂದಲೇ ಅಚ್ಚು ಹಾಕಿ ಅಂಟಿಸಿದ್ದರು.

ಅಳತೆ ಮತ್ತು ಪಟ್ಟಿ

ವ್ಯಾಸಕ್ಕಿಂತ ಮುಖ್ಯವಾದದ್ದು ಪಟ್ಟಿ ಸಿಕ್ಕಿಸುವ ಕೊಂಬುಗಳಲ್ಲಿ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ. ಅದು ಮಣಿಕಟ್ಟಿನ ಅಗಲವನ್ನು ಮೀರಬಾರದು. 36ರಿಂದ 39 ಮಿ.ಮೀ. ವ್ಯಾಸದ ವಾಚು ಬಹುತೇಕ ಎಲ್ಲರ ಕೈಗೂ ಒಪ್ಪುತ್ತದೆ. ಪಟ್ಟಿಯ ಅಗಲ 18 ಅಥವಾ 20 ಮಿ.ಮೀ. ಇದ್ದರೆ ಬದಲಿ ಪಟ್ಟಿ ಸಿಗುವುದು ಸುಲಭ. ಒಂದೇ ತುಂಡಿನ ನೈಲಾನ್ ಪಟ್ಟಿ ಬ್ರಿಟಿಷ್ ರಕ್ಷಣಾ ಇಲಾಖೆಯ 1973ರ ನಿರ್ದಿಷ್ಟತೆಯಿಂದ ಬಂದದ್ದು. ಪಟ್ಟಿಯನ್ನು ಕೇಸಿಗೆ ಹಿಡಿದಿಡುವ ಒಂದು ಸ್ಪ್ರಿಂಗ್ ಕಡ್ಡಿ ಮುರಿದರೂ ವಾಚು ಇನ್ನೊಂದರ ಆಸರೆಯಲ್ಲಿ ಕೈಯಲ್ಲೇ ಉಳಿಯುವುದು ಅದರ ನಿಜವಾದ ಗುಣ. ಬೆಸೆದ ಕಡ್ಡಿಗಳ ವಾಚು ಇನ್ನೂ ಭದ್ರ, ಆದರೆ ಅದಕ್ಕೆ ಇಂಥ ಪಟ್ಟಿಗಳನ್ನು ಬಿಟ್ಟು ಬೇರೆ ಹಾಕುವುದು ಕಷ್ಟ.

ಹಣ ಕೊಡುವ ಮುನ್ನ, ಕೈಗೆ ಬಂದ ಮೇಲೆ

ಸಣ್ಣ ಸಂಸ್ಥೆಗಳು ಅನೇಕ ಬಾರಿ ಮುಂಗಡ ಹಣ ಪಡೆದು ತಿಂಗಳುಗಳ ನಂತರ ವಾಚು ಕಳುಹಿಸುತ್ತವೆ. ಹಿಂದಿನ ಮಾದರಿಗಳನ್ನು ಹೇಳಿದ ಸಮಯಕ್ಕೆ ತಲುಪಿಸಿದ್ದಾರೆಯೇ, ಖಾತರಿಯ ಅವಧಿಯಲ್ಲಿ ವಾಚನ್ನು ಎಲ್ಲಿಗೆ ಕಳಿಸಬೇಕು, ಸಾಗಣೆಯ ಖರ್ಚು ಯಾರದು, ಗಾಜು ಮತ್ತು ಕ್ರೌನ್ ಬಿಡಿಯಾಗಿ ಮಾರುತ್ತಾರೆಯೇ ಎಂದು ಪತ್ರ ಬರೆದು ಕೇಳಿ. ಯಂತ್ರ ಎಲ್ಲೆಡೆ ಸಿಗುತ್ತದೆ, ಆದರೆ ಕೇಸಿಗೆ ಹೊಂದುವ ಕ್ರೌನ್ ಆ ಸಂಸ್ಥೆಯ ಬಳಿ ಮಾತ್ರ ಇರುತ್ತದೆ. ಉತ್ತರ ಬರುವ ವೇಗ ಮತ್ತು ಸ್ಪಷ್ಟತೆಯೇ ನಿಮ್ಮ ತೀರ್ಮಾನಕ್ಕೆ ಸಾಕು.

ವಾಚು ಬಂದ ದಿನ ಸೆಕೆಂಡು ಮುಳ್ಳು ನಿಮಿಷದ ಗೆರೆಗಳಿಗೆ ಸರಿಯಾಗಿ ಬೀಳುತ್ತದೆಯೇ, ಹನ್ನೆರಡು ಗಂಟೆಗೆ ಎರಡೂ ಮುಳ್ಳು ಒಂದರ ಮೇಲೊಂದು ಕೂರುತ್ತವೆಯೇ, ತಿರುಪಿನ ಕ್ರೌನ್ ಕಚ್ಚಿಕೊಳ್ಳದೆ ನಯವಾಗಿ ಇಳಿಯುತ್ತದೆಯೇ ನೋಡಿ. ಸಮಯವನ್ನು ಫೋನಿನೊಂದಿಗೆ ಹೊಂದಿಸಿ ಒಂದು ವಾರ ದಿನವೂ ಅದೇ ಹೊತ್ತಿಗೆ ವ್ಯತ್ಯಾಸ ಬರೆದಿಡಿ. ದಿನಕ್ಕೆ ಹತ್ತು ಸೆಕೆಂಡು ಮುಂದೆ ಓಡಿದರೂ ಪ್ರತಿದಿನ ಅಷ್ಟೇ ಓಡಿದರೆ ಯಂತ್ರ ಆರೋಗ್ಯವಾಗಿದೆ, ದುರಸ್ತಿಗಾರರು ಅದನ್ನು ಸುಲಭವಾಗಿ ಹೊಂದಿಸಿಕೊಡುತ್ತಾರೆ. ಒಂದು ದಿನ ಮುಂದೆ, ಮರುದಿನ ಬಹಳ ಹಿಂದೆ ಎಂದಾದರೆ ಖಾತರಿಯಲ್ಲಿ ಹಿಂದಿರುಗಿಸಿ.

ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಮಿಡಿತವನ್ನು ಹಿಡಿತದಲ್ಲಿಡುವ ಕೂದಲೆಳೆಯಂಥ ಸ್ಪ್ರಿಂಗಿಗೆ, ಅಂದರೆ ಕೇಶಸುರುಳಿಗೆ, ಅಯಸ್ಕಾಂತದ ಗುಣ ತಗುಲಿರುವ ಸಂಭವವೇ ಹೆಚ್ಚು. ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಮಿಡಿತ ಚುರುಕಾಗುತ್ತದೆ. ಚೀಲದ ಮುಚ್ಚಳದ ಅಯಸ್ಕಾಂತ, ಫೋನಿನ ಸ್ಪೀಕರ್ ಇದಕ್ಕೆ ಸಾಕು. ವಾಚನ್ನು ದಿಕ್ಸೂಚಿಯ ಹತ್ತಿರ ನಿಧಾನವಾಗಿ ತಂದಾಗ ಸೂಜಿ ಅತ್ತಿತ್ತ ಎಳೆದಾಡಿದರೆ ಅನುಮಾನ ನಿಜ. ಅಯಸ್ಕಾಂತೀಯತೆ ತೆಗೆಯುವ ಸಣ್ಣ ಉಪಕರಣ ದುರಸ್ತಿ ಅಂಗಡಿಗಳಲ್ಲಿ ಇರುತ್ತದೆ, ಕೆಲವೇ ಕ್ಷಣಗಳ ಕೆಲಸ. ಸುತ್ತಿಗೆ, ಕಲ್ಲು ಕೊರೆಯುವ ಯಂತ್ರ ಹಿಡಿಯುವಾಗ ವಾಚನ್ನು ಬಿಚ್ಚಿಡಿ. ಆಘಾತಕ್ಕೆ ಸಂಬಂಧಿಸಿದ ಐಎಸ್ಒ 1413 ಮಾನದಂಡ ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಮೇಲೆ ಬೀಳುವಷ್ಟು ಪೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಬಿಡದೆ ಅದುರುವ ಕೆಲಸವನ್ನಲ್ಲ. ನೀರಿಗಿಳಿಯುವ ರೂಢಿಯಿದ್ದರೆ ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಿ, ಪ್ರತಿ ಬಾರಿ ಹಿಂಬದಿ ಬಿಚ್ಚಿದಾಗಲೂ ರಬ್ಬರ್ ಬಳೆಯನ್ನು ಹೊಸದಾಗಿ ಹಾಕಿಸಿ.