ಉಪ್ಪು ಹೀರಿದ ಗೋಡೆಗೆ ಗಾರೆ ನಿಂತ ಬಗೆ: ನನ್ನ ಅನುಭವ

ಪುದುಚೇರಿಯಲ್ಲಿ ಕಡಲಿಗೆ ಎರಡು ಬೀದಿ ಹಿಂದಿರುವ, ಪಾರಂಪರಿಕ ಪಟ್ಟಿಗೆ ಸೇರಿದ ಮನೆಯೊಂದರ ಗೋಡೆ ಕೆಲಸವನ್ನು ನಾನು ಒಪ್ಪಿಕೊಂಡಾಗ, ಚಾಮರಾಜಪೇಟೆಯ ನನ್ನ ಗಾರೆಯವರೇ ಬೇಡವೆಂದಿದ್ದರು. ಹಿಂದೆ ಯಾರೋ ಬಳಿದಿದ್ದ ಸಿಮೆಂಟಿನಿಂದಾಗಿ ನೆಲದ ತೇವ ಹೊರಬರಲು ದಾರಿಯಿಲ್ಲದೆ ಮೇಲೇರಿ, ಮೊಣಕಾಲಿನ ಮಟ್ಟದಲ್ಲಿ ನಿಲ್ಲಬೇಕಾಗಿದ್ದ ಉಪ್ಪು ಎದೆಮಟ್ಟಕ್ಕೆ ಬಂದಿತ್ತು. ಇಟ್ಟಿಗೆ ಉಗುರಿಗೇ ಉದುರುತ್ತಿತ್ತು.

ಮೊದಲ ಸಲ ನಾನು ಸೋತೆ. ಸಿಮೆಂಟ್ ಕಿತ್ತು, ಗೋಡೆ ಒಣಗಿತೆಂದು ನಂಬಿ ನೇರವಾಗಿ ಸುಣ್ಣದ ಗಾರೆ ಹಾಕಿಸಿದೆ. ಅದೇ ಮಿಶ್ರಣ ಬಸವನಗುಡಿಯ ನಮ್ಮ ಕಾಂಪೌಂಡಿನ ಮೇಲೆ ಎರಡು ವರ್ಷ ಕದಲದೆ ನಿಂತಿತ್ತು. ಆದರೆ ಬೆಂಗಳೂರಿನ ಗಾಳಿಯಲ್ಲಿ ಕಡಲ ಉಪ್ಪಿಲ್ಲವೆಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾಲ್ಕು ತಿಂಗಳಲ್ಲಿ ಗಾರೆ ಹಪ್ಪಳದಂತೆ ಉಬ್ಬಿತು. ನಷ್ಟ ಹೆಚ್ಚುಕಡಿಮೆ ಎರಡೂವರೆ ಲಕ್ಷ, ಅರ್ಧ ನನ್ನ ಕೈಯಿಂದಲೇ ಹೋಯಿತು.

ಎರಡನೆಯ ಸಲ ಮೊದಲು ಉಪ್ಪನ್ನೇ ತೆಗೆದೆವು. ಕಾಗದದ ತಿರುಳಿಗೆ ಜೇಡಿಮಣ್ಣು ಬೆರೆಸಿ, ಬೋರ್‌ವೆಲ್ ನೀರನ್ನು ಮುಟ್ಟದೆ ಕ್ಯಾನ್ ನೀರಿನಲ್ಲೇ ಕಲಸಿ, ಹೆಬ್ಬೆರಳ ದಪ್ಪಕ್ಕೆ ಮೆತ್ತಿ, ಅದು ಗೋಡೆಯ ಉಪ್ಪನ್ನು ಹೀರಿಕೊಂಡು ಒಣಗಿ ಬಿರುಕುಬಿಟ್ಟ ಮೇಲೆ ಸುಲಿದು ಎಸೆದೆವು. ಹೀಗೆ ಐದು ಸುತ್ತು, ಒಂದೊಂದಕ್ಕೂ ಸುಮಾರು ಎರಡು ವಾರ. ನಮ್ಮ ಮೇಸ್ತ್ರಿ ಪ್ರತಿ ಸುತ್ತಿನ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ಮೊದಲನೆಯದಕ್ಕೆ ಮುಖ ಕಿವುಚಿ ಉಗಿದವರು, ಐದನೆಯದನ್ನು ಬಾಯಲ್ಲಿಟ್ಟು ಸುಮ್ಮನೆ ತಲೆಯಾಡಿಸಿದರು.

ಗಾರೆಗೆ ಮೂರು ತಿಂಗಳು ನೆನೆಸಿಟ್ಟ ಸುಣ್ಣ, ತೊಳೆದ ಮರಳು, ಸ್ವಲ್ಪ ಇಟ್ಟಿಗೆ ಪುಡಿ. ಅಳಲೆಕಾಯಿ ಮತ್ತು ಬೆಲ್ಲದ ನೀರಿನ ಹದವನ್ನು ಇಲ್ಲಿ ಬರೆಯಲಾರೆ, ಅದು ಮೇಸ್ತ್ರಿಯ ಮನೆತನದ ಸ್ವತ್ತು. ಬೆಲ್ಲ ಹೆಚ್ಚಿದರೆ ಇರುವೆ ಮುತ್ತುತ್ತದೆಂಬುದನ್ನು ಮಾತ್ರ ನನ್ನ ಕಾಂಪೌಂಡಿನಲ್ಲೇ ಕಂಡುಕೊಂಡೆ. ಮೊಟ್ಟೆಯ ಬಿಳಿ ಬೆರೆಸಿದ ಚಿಪ್ಪಿನ ಸುಣ್ಣದ ನಯಗಾರೆಯನ್ನೂ ಅಲ್ಲೇ ಒಂದು ಚದರಡಿ ಮಾಡಿ ನೋಡಿದ್ದೆ. ಕನ್ನಡಿಯಂತೆ ಬಂದಿತು, ಆದರೆ ಇನ್ನೂ ಬೆವರುವ ಗೋಡೆಗೆ ಅಷ್ಟು ನಯ ಬೇಡವೆಂದು ಕೈಬಿಟ್ಟೆ. ಮಧ್ಯಾಹ್ನದ ಕಡಲಗಾಳಿ ತಾಗದಂತೆ ಇಪ್ಪತ್ತು ದಿನ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದೇ ಈ ಕೆಲಸ ಉಳಿಯಲು ದೊಡ್ಡ ಕಾರಣವೆಂದು ನನ್ನ ಖಚಿತ ಅಭಿಪ್ರಾಯ.

ಒಟ್ಟು ಖರ್ಚು ಆರು ಲಕ್ಷದ ಆಸುಪಾಸು. ಎಮಲ್ಷನ್ ಬಣ್ಣ ಬಳಿಯಬೇಕೆಂದು ಮನೆಯವರು ಹಟ ಹಿಡಿದಾಗ, ಅದೂ ಸಿಮೆಂಟಿನಂತೆ ತೇವಕ್ಕೆ ಅಡ್ಡವಾಗುತ್ತದೆಂದು ನಾನು ಒಪ್ಪಲಿಲ್ಲ, ಸುಣ್ಣವನ್ನೇ ಹೊಡೆಸಿದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಎರಡು ಸಲ ಸುರಿದು ಹೋಗಿದೆ. ಬುಡದಲ್ಲಿ ಗೇಣುದ್ದ ಬಿಳಿ ಪುಡಿ ಕಾಣಿಸಿಕೊಂಡಿತು, ಒಣ ಬ್ರಷ್‌ನಿಂದ ಉಜ್ಜಿದರೆ ಹೋಯಿತು. ಗಾರೆಯನ್ನು ಬೆರಳಿನಿಂದ ತಟ್ಟಿದರೆ ಎಲ್ಲಿಯೂ ಪೊಳ್ಳು ಸದ್ದಿಲ್ಲ. ಈಗ ಅದೇ ಮನೆಯವರು ಮದ್ರಾಸ್ ತಾರಸಿಯ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಾಸಿದ ಹಳೆಯ ಬಗೆಯ ಛಾವಣಿಯ, ತೊಲೆಗಳನ್ನು ನೋಡಲು ಕರೆದಿದ್ದಾರೆ.